ಕಂಬಳಿ ಕೋಟಿಗೆ ಫರ್ ಹಚ್ಚೋದು

ಅಕ್ಕಾ, ಬಳ್ಳಾರಿಯಲ್ಲಿ ನಾಟಕಕ್ಕೆ ಹಳೇ ಯುರೋಪಿನ ಕೋಟು ಹೊಲಿಯೋಕೆ ಕುರಿ ಕಂಬಳಿ ನಡೆಯುತ್ತದಾ, ಕಾಲರಿನ ಫರ್ ಕತ್ತರಿಸೋದು ಹೇಗೆ ಅಂತ ಕೇಳಿದ್ದೀರಿ. ಕಂಬಳಿ ಚೆನ್ನಾಗೇ ನಡೆಯುತ್ತದೆ. ಮೊದಲು ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ, ಹುಣಸೆ ಬೀಜದ ಗಂಜಿ ಹಾಕಿದ್ದರೆ ಅದೂ ಬಿಡುತ್ತದೆ, ಕುಗ್ಗೋದೂ ಆಗಲೇ ಮುಗಿಯುತ್ತದೆ. ಮೈಗೆ ಚುಚ್ಚುತ್ತದೆ, ಹತ್ತಿ ಲೈನಿಂಗ್ ಬೇಕೇ ಬೇಕು. ನಮ್ಮ ಬಿಸಿಲಿಗೆ ಪಾಲಿಯೆಸ್ಟರ್ ಬೇಡ.

ಫರ್‌ಗೆ ಮಾತ್ರ ಅವಸರ ಮಾಡಬೇಡಿ. ಹಿಂಬದಿಯಿಂದ ಬ್ಲೇಡಿನಲ್ಲಿ ಬಟ್ಟೆಯನ್ನಷ್ಟೇ ಸೀಳಿ, ಸುಮ್ನೆ ಕತ್ತರಿ ಆಡಿಸಿದರೆ ಕೂದಲೂ ತುಂಡಾಗಿ ಅಂಚು ಬೋಳಾಗುತ್ತದೆ. ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಸೂಜಿಯಿಂದ ಎಳೆದು ಬಿಡಿಸಿ. ಕಾಲರಿಗೆ ಕೈಹೊಲಿಗೆಯೇ ಒಳ್ಳೆಯದು, ತೊಳೆಯುವಾಗ ಬಿಚ್ಚಬಹುದು. ಆ ಕಾಲದಲ್ಲೂ ಫರ್ ಬಿಚ್ಚಿ ಬೇರೆ ಉಡುಪಿಗೆ ಹಚ್ಚುತ್ತಿದ್ದರು. ದಪ್ಪ ಜೋಡಣೆಗೆ ಊರಲ್ಲಿ ಜೀನ್ಸ್ ಹೊಲಿಯೋರ ಮಷೀನೇ ಸರಿ. ಸಿಂಥೆಟಿಕ್ ಫರ್ ಮೇಲೆ ಇಸ್ತ್ರಿ ಇಡಬೇಡಿ, ಕರಗುತ್ತದೆ.