ಯಾದಗಿರಿ ಕಡೆಯ ಹುಡುಗ ವಿದೇಶದ ಕ್ಲಬ್ಬಿನಲ್ಲಿ ಫಾರ್ವರ್ಡ್ ಆಗಿ ಆಡಬಹುದಾ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ತಮ್ಮನಿಗೆ 16 ವರ್ಷ, ಶಹಾಪುರದಲ್ಲಿ ಫುಟ್‌ಬಾಲ್ ಆಡುತ್ತಾನೆ, ತಂಡದ ಫಾರ್ವರ್ಡ್ (ಮುಂದೆ ನಿಂತು ಗೋಲು ಹೊಡೆಯುವವನು), ಗೋಲು ಚೆನ್ನಾಗಿ ಹೊಡೆಯುತ್ತಾನೆ ಅಂತ ಬರೆದಿದ್ದೀರಿ. ಒಬ್ಬ ಏಜೆಂಟ್ 6 ಲಕ್ಷ ಕೊಟ್ಟರೆ ಯುರೋಪಿನ ಕ್ಲಬ್ಬಿಗೆ ಸೇರಿಸುತ್ತೇನೆ ಅಂದಿದ್ದಾನೆ, ಅಪ್ಪ ಹೊಲ ಒತ್ತೆ ಇಡಲು ತಯಾರಾಗಿದ್ದಾರೆ, ಕೊಡೋದಾ ಬೇಡವಾ ಅನ್ನೋದು ನಿಮ್ಮ ಚಿಂತೆ.

ಕೊಡಬೇಡಿ. ಹೊಲಕ್ಕೆ ಕೈ ಹಚ್ಚಬೇಡಿ.

ನಾನು ಕಲಬುರಗಿಯವನು. 11 ವರ್ಷದಿಂದ ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದೇನೆ. ನಮ್ಮಲ್ಲಿ ಆಡುತ್ತಿದ್ದ ಒಬ್ಬ ಹುಡುಗನ ಅಪ್ಪ ಎರಡು ವರ್ಷದ ತೊಗರಿ ಮಾರಿದ ರೊಕ್ಕವನ್ನು ಇಂಥದೇ ಒಬ್ಬ ದಲ್ಲಾಳಿಯ ಕೈಗೆ ಇಟ್ಟರು. ಹುಡುಗ ವಿಮಾನ ಹತ್ತಿದ್ದು ನಿಜ. ಆದರೆ ಅಲ್ಲಿ ಇದ್ದದ್ದು ಎರಡು ವಾರದ ಕ್ಯಾಂಪ್. ಅವನ ಹಾಗೆ ರೊಕ್ಕ ಕಟ್ಟಿ ಬಂದ ಹುಡುಗರೇ ಎಲ್ಲ. ಕ್ಲಬ್ಬಿನ ಕೋಚ್ ಒಂದು ದಿನವೂ ಬರಲಿಲ್ಲ. ಒಂದು ಜರ್ಸಿ, ಒಂದು ಸರ್ಟಿಫಿಕೇಟ್ ಹಿಡಿದುಕೊಂಡು ವಾಪಸ್ ಬಂದ. "ಸರ, ಅಲ್ಲಿ ಯಾರೂ ನನ್ನ ಹೆಸರೂ ಕೇಳಲಿಲ್ರಿ" ಅಂದ. ಆಮೇಲೆ ಗ್ರೌಂಡಿಗೆ ಬರುವುದನ್ನೇ ಬಿಟ್ಟ. ಆಗ ನನಗೂ ನಿಯಮ ಗೊತ್ತಿರಲಿಲ್ಲ. ಹೋಗಿ ಬಾ ಅಂತ ನಾನೇ ಬೆನ್ನು ತಟ್ಟಿದ್ದೆ. ಅದು ಇವತ್ತಿಗೂ ಕಾಡುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಯಮ ಹೀಗಿದೆ. 18 ವರ್ಷ ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸಲು ಜಗತ್ತಿನ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಬಿಡುವುದಿಲ್ಲ. ಕೆಲವು ವಿನಾಯಿತಿಗಳಿವೆ. ಅಪ್ಪ ಅಮ್ಮ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಆಗುತ್ತದೆ. ಯುರೋಪಿನ ಒಕ್ಕೂಟದ ಒಳಗೇ ಆದರೆ 16ಕ್ಕೂ ಆಗುತ್ತದೆ. ಶಹಾಪುರದ ಹುಡುಗನಿಗೆ ಇವು ಯಾವುದೂ ಅನ್ವಯಿಸುವುದಿಲ್ಲ. ಹಾಗಾಗಿ ಆ ಮನುಷ್ಯ ಹೇಳುತ್ತಿರುವುದು ಇನ್ನೂ ಎರಡು ವರ್ಷ ಆಗದ ಮಾತು. ಏಜೆಂಟರಿಗೂ ಈಗ ಫಿಫಾ ಪರೀಕ್ಷೆ ಇಟ್ಟು ಲೈಸೆನ್ಸ್ ಕೊಡುತ್ತದೆ. ನಿಮ್ಮ ಲೈಸೆನ್ಸ್ ತೋರಿಸಿ ಅಂತ ಒಂದು ಸಲ ಕೇಳಿ ನೋಡಿ. ಇನ್ನೊಂದು ಮಾತು: ವೃತ್ತಿಪರ ಆಟಗಾರ ಅಂದರೆ ಕ್ಲಬ್ಬು ಅವನಿಗೆ ಸಂಬಳ ಕೊಡುತ್ತದೆ. ಅವನ ಮನೆಯವರೇ ರೊಕ್ಕ ಕೊಟ್ಟು ಕಳಿಸಿದರೆ ಅವನು ಆ ಕ್ಲಬ್ಬಿನ ಗಿರಾಕಿ, ಆಟಗಾರ ಅಲ್ಲ.

ಈಗ ನೀವು ಕೇಳಿದ ಇನ್ನೊಂದು ವಿಷಯ, ಹೊರದೇಶದಲ್ಲಿ ಫಾರ್ವರ್ಡ್ ಆದವನ ಬದುಕು ಹೇಗಿರುತ್ತದೆ ಅನ್ನೋದು. ನಾನು ನಮ್ಮ ಹುಡುಗರಿಗೆ ಮೆಸ್ಸಿ, ರೊನಾಲ್ಡೊ ಕಥೆ ಹೇಳುವುದಿಲ್ಲ. ರಾಯ್ ಕೃಷ್ಣ ಕಥೆ ಹೇಳುತ್ತೇನೆ. ಬೆಂಗಳೂರು ಎಫ್‌ಸಿ ಪರವಾಗಿಯೂ ಆಡಿದವರು, ನಿಮ್ಮ ತಮ್ಮನಿಗೆ ಗೊತ್ತಿರಬಹುದು.

ರಾಯ್ ಕೃಷ್ಣ ಹುಟ್ಟಿದ್ದು ಫಿಜಿ ದೇಶದ ಲಂಬಾಸಾದಲ್ಲಿ, 1987ರಲ್ಲಿ. ಅದು ಸಕ್ಕರೆ ಕಾರ್ಖಾನೆಯ ಊರು, ಸುತ್ತಲೂ ಕಬ್ಬು. ನಮ್ಮ ಬೀದರ್ ಜಿಲ್ಲೆಯ ಕಬ್ಬಿನ ಊರುಗಳನ್ನು ನೆನೆಸಿಕೊಳ್ಳಿ. 1879ರಿಂದ 1916ರವರೆಗೆ ಬ್ರಿಟಿಷರು ನಮ್ಮ ದೇಶದಿಂದ ಸುಮಾರು 60,000 ಜನರನ್ನು ಫಿಜಿಗೆ ಕೂಲಿಗಾಗಿ ಸಾಗಿಸಿದ್ದರು. ರಾಯ್ ಕೃಷ್ಣ ಅಲ್ಲಿನ ಭಾರತೀಯ ಮೂಲದವರು. ಆ ದೇಶದಲ್ಲಿ ಎಲ್ಲರಿಗೂ ರಗ್ಬಿ ಹುಚ್ಚು, ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಫುಟ್‌ಬಾಲನ್ನು ಕೇಳುವವರು ಕಡಿಮೆ.

2008ರಲ್ಲಿ, ಸುಮಾರು 20ರ ವಯಸ್ಸಿನಲ್ಲಿ, ಅವರು ನ್ಯೂಜಿಲೆಂಡಿನ ವೈಟಾಕೆರೆ ಯುನೈಟೆಡ್ ಸೇರಿದರು. ಆ ಕ್ಲಬ್ಬು ಆಡುತ್ತಿದ್ದದ್ದು ಪೂರ್ತಿ ವೃತ್ತಿಪರ ಲೀಗಿನಲ್ಲಿ ಕೂಡ ಅಲ್ಲ. ಅಲ್ಲೇ ವರ್ಷಗಟ್ಟಲೆ ಆಡಿದರು, ಆಮೇಲೆ ಆಕ್ಲೆಂಡ್ ಸಿಟಿ. ದೊಡ್ಡ ಲೀಗಿನ ಕ್ಲಬ್ಬಾದ ವೆಲ್ಲಿಂಗ್ಟನ್ ಫೀನಿಕ್ಸ್ ಸಿಕ್ಕಿದ್ದು 2014ರಲ್ಲಿ, 26ರ ವಯಸ್ಸಿಗೆ. 2016ರಲ್ಲಿ ಫಿಜಿ ಮೊದಲ ಸಲ ಒಲಿಂಪಿಕ್ಸ್ ಫುಟ್‌ಬಾಲ್ ಆಡಿತು. ಕೊರಿಯಾ ಕೈಲಿ 8-0, ಜರ್ಮನಿ ಕೈಲಿ 10-0 ಸೋತಿತು. ಮೆಕ್ಸಿಕೊ ಕೈಲಿ 5-1 ಸೋತಿತು. ಆ ಒಂದು ಗೋಲು ರಾಯ್ ಕೃಷ್ಣ ಹೊಡೆದದ್ದು. 2018-19ರಲ್ಲಿ 18 ಗೋಲು ಹೊಡೆದು ಫೀನಿಕ್ಸ್ ಆಡುತ್ತಿದ್ದ ಆಸ್ಟ್ರೇಲಿಯಾದ ಎ-ಲೀಗಿನಲ್ಲಿ ಗೋಲ್ಡನ್ ಬೂಟ್ (ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿ) ಗೆದ್ದರು. ಅಷ್ಟು ಹೊತ್ತಿಗೆ 31 ವರ್ಷ. ಆಮೇಲೆ ಕೋಲ್ಕತ್ತಕ್ಕೆ ಬಂದು ಅಲ್ಲಿನ ಎಟಿಕೆ ಕ್ಲಬ್ ಪರ ಮೊದಲ ಸೀಸನ್ನಿನಲ್ಲೇ 15 ಗೋಲು ಹೊಡೆದರು, ತಂಡ ಭಾರತದ ದೊಡ್ಡ ಲೀಗ್ ಆದ ಐಎಸ್‌ಎಲ್ ಗೆದ್ದಿತು.

ಮನೆ ಬಿಟ್ಟು ಹತ್ತು ವರ್ಷದ ಮೇಲೆ ಸಿಕ್ಕ ಫಲ ಅದು. ನಡುವಿನ ಆ ವರ್ಷಗಳ ಬಗ್ಗೆ ತಮ್ಮನಿಗೆ ಹೇಳಿ.

ನಮ್ಮವರದು ಇನ್ನೂ ಕಷ್ಟದ ದಾರಿ. ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬೆರಿ ಎಫ್‌ಸಿ ಸೇರಿದರು, ಅದು ಮೂರನೇ ದರ್ಜೆಯ ಕ್ಲಬ್. ಆಗಲೇ ಭಾರತದ ದೊಡ್ಡ ಹೆಸರು ಅವರು. ಅಲ್ಲಿ ಮೂರು ಸೀಸನ್ನಿನಲ್ಲಿ ಲೀಗ್ ಗೋಲುಗಳು ಬರೀ 3. ಸುನಿಲ್ ಛೆಟ್ರಿಯವರನ್ನು 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತೆಗೆದುಕೊಳ್ಳಲು ತಯಾರಿತ್ತು. ಭಾರತ ಫಿಫಾ ಪಟ್ಟಿಯ ಮೊದಲ 70ರಲ್ಲಿ ಇಲ್ಲ ಅಂತ ಕೆಲಸದ ಪರವಾನಗಿ ಸಿಗಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು, ಅಲ್ಲಿ ಲೀಗ್ ಪಂದ್ಯ ಒಂದೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್, ಅಲ್ಲಿ ಬಿ ತಂಡದಲ್ಲಿ ಕೆಲವೇ ಪಂದ್ಯ. ವಾಪಸ್ ಬಂದರು, ಬೆಂಗಳೂರು ಎಫ್‌ಸಿ ಸೇರಿದರು. 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದಾಗ ಭಾರತಕ್ಕಾಗಿ ಹೊಡೆದ ಗೋಲು 94. ಹೊರಗೆ ನಡೆಯಲಿಲ್ಲ ಅಂತ ಅವರು ಸಣ್ಣ ಆಟಗಾರ ಆಗಲಿಲ್ಲ, ಅಲ್ವಾ?

ಹೆಣ್ಣುಮಕ್ಕಳಲ್ಲಿ ಮಣಿಪುರದ ಬಾಲಾ ದೇವಿ 30ರ ಹತ್ತಿರ ಇದ್ದಾಗ, 2020ರಲ್ಲಿ, ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿ ಗೋಲು ಹೊಡೆದರು. ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್ಸಿನ ಅಪೊಲನ್ ಪರ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದರು. ಮನೆಯಲ್ಲಿ ತಂಗಿ ಇದ್ದರೆ ಅವಳಿಗೂ ಇದನ್ನು ಹೇಳಿ.

ಫಾರ್ವರ್ಡಿಗೇ ಯಾಕೆ ಇಷ್ಟು ಕಷ್ಟ? ಹೆಚ್ಚಿನ ಲೀಗುಗಳಲ್ಲಿ ವಿದೇಶಿ ಆಟಗಾರರಿಗೆ ಒಂದು ಮಿತಿ ಇರುತ್ತದೆ. ಐಎಸ್‌ಎಲ್‌ನಲ್ಲಿ 2021ರಿಂದ ಮೈದಾನದಲ್ಲಿ ಒಟ್ಟಿಗೆ 4 ಜನ ಮಾತ್ರ. ಆ ಜಾಗವನ್ನು ಕ್ಲಬ್ಬುಗಳು ಮೊದಲು ಗೋಲು ಹೊಡೆಯುವವನಿಗೆ ಕೊಡುತ್ತವೆ. ಹೊರದೇಶದಲ್ಲಿ ನಿಮ್ಮ ತಮ್ಮನೇ ಆ ವಿದೇಶಿ. ಊರಿನ ಹುಡುಗನಷ್ಟೇ ಆಡಿದರೆ ಸಾಲದು, ಅವನಿಗಿಂತ ಜಾಸ್ತಿ ಗೋಲು ಹೊಡೆಯಬೇಕು. ಡಿಫೆಂಡರ್ (ಎದುರಾಳಿಯನ್ನು ತಡೆಯುವವನು) ಆದರೆ ಹೊಂದಿಕೊಳ್ಳಲು ಸ್ವಲ್ಪ ದಿನ ಕೊಡುತ್ತಾರೆ. ಫಾರ್ವರ್ಡ್ ಐದಾರು ಪಂದ್ಯ ಗೋಲಿಲ್ಲದೆ ಕಳೆದರೆ ಬೆಂಚಿಗೆ ಹೋಗುತ್ತಾನೆ. ಆಡದಿದ್ದರೆ ಮುಂದಿನ ಕರಾರು ಇಲ್ಲ. ಭಾಷೆ ಬಾರದ ಊರಲ್ಲಿ, ಚಳಿಯಲ್ಲಿ, ಒಂದು ರೂಮಿನಲ್ಲಿ ಒಬ್ಬನೇ ಕೂತು ಇದನ್ನು ತಡೆದುಕೊಳ್ಳಬೇಕು.

ನಮ್ಮ ಭಾಗಕ್ಕೆ ಫುಟ್‌ಬಾಲ್ ಹೊಸದೇನಲ್ಲ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದೆವು. 1951ರಲ್ಲಿ ಮತ್ತು 1962ರಲ್ಲಿ ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ ತಂದ ಕೋಚ್ ಸೈಯದ್ ಅಬ್ದುಲ್ ರಹೀಮ್ ಅಲ್ಲಿಯವರೇ, ಹೈದರಾಬಾದ್ ಪೊಲೀಸ್ ತಂಡ ಕಟ್ಟಿದವರು. ಕಡಿಮೆ ಇರುವುದು ಒಳ್ಳೆಯ ಮೈದಾನ. ನಮ್ಮ ಹುಡುಗರು ಗಟ್ಟಿ ನೆಲದಲ್ಲಿ ಆಡುತ್ತಾರೆ. ಚೆಂಡು ಪುಟಿಯುತ್ತದೆ, ಓಡಿಹೋಗಿ ಹೊಡೆದರೆ ಗೋಲು. ಹುಲ್ಲಿನ ಮೈದಾನದಲ್ಲಿ, ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಿರುವಾಗ, ಚೆಂಡನ್ನು ಒಂದೇ ಸ್ಪರ್ಶದಲ್ಲಿ ಹತೋಟಿಗೆ ತರಲು ಅವರಿಗೆ ಬರುವುದಿಲ್ಲ. ಅದನ್ನು ಈ ಎರಡು ವರ್ಷದಲ್ಲಿ ಕಲಿಯಬೇಕು.

ಅದಕ್ಕೆ ವಿಮಾನ ಬೇಡ, ಉದ್ಯಾನ್ ಎಕ್ಸ್‌ಪ್ರೆಸ್ ಸಾಕು. ಯಾದಗಿರಿಯಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗುಗಳಿವೆ, ಕ್ಲಬ್ಬುಗಳ ಟ್ರಯಲ್ ನಡೆಯುತ್ತವೆ. ಮೊದಲು ಯಾವುದಾದರೂ ಕ್ಲಬ್ಬಿನ ಮೂಲಕ ಎಐಎಫ್‌ಎಫ್‌ನಲ್ಲಿ (ಭಾರತದ ಫುಟ್‌ಬಾಲ್ ಒಕ್ಕೂಟ) ಹೆಸರು ನೋಂದಾಯಿಸಿ. ಪ್ರತಿ ಪಂದ್ಯದ ಪೂರ್ತಿ ವಿಡಿಯೊ ಇಟ್ಟುಕೊಳ್ಳಿ, ಗೋಲಿನ ತುಣುಕು ಮಾತ್ರ ಅಲ್ಲ. ಚೆಂಡು ತನ್ನ ಹತ್ತಿರ ಇಲ್ಲದಾಗ ಹುಡುಗ ಏನು ಮಾಡುತ್ತಾನೆ ಅನ್ನೋದನ್ನೇ ಕೋಚುಗಳು ಜಾಸ್ತಿ ನೋಡುತ್ತಾರೆ. ಪಿಯುಸಿ ಬಿಡಿಸಬೇಡಿ.

ಮನಸ್ಸಿದ್ದರೆ ಒಂದು ಭಾನುವಾರ ತಮ್ಮನನ್ನು ಕಲಬುರಗಿಗೆ ಕರೆದುಕೊಂಡು ಬನ್ನಿ. ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು, ಚಂದ್ರಶೇಖರ ಪಾಟೀಲ್ ಕ್ರೀಡಾಂಗಣದಲ್ಲಿ ಸಿಗೋಣ. ರೊಕ್ಕ ಏನೂ ಬೇಡ. ಅವನಿಗೆ ಎಡಗಾಲಲ್ಲಿ ಹೊಡೆಯಲು ಬರುತ್ತಾ, ಮೊದಲು ಅದನ್ನು ನೋಡೋಣ.