ಇಬ್ಬನಿ ಮೆತ್ತಿದ ಕೀಟಗಳ ಫೋಟೋ ತೆಗೆಯಲು ಯಾವ ಹೊತ್ತು ಒಳ್ಳೆಯದು? ಈಗ ಅವು ಕಡಿಮೆ ಆಗಿರುವುದೇಕೆ?

ಡಿಸೆಂಬರ್, ಜನವರಿಯಲ್ಲಿ, ಅವರೆಕಾಯಿಗೆ ಸೊಗಡು ಏರುವ ದಿನಗಳಲ್ಲಿ, ಸೂರ್ಯ ಹುಟ್ಟುವ ಮೊದಲೇ ಹೊಲದ ಬದುವಿನ ಹತ್ತಿರ ಇರಿ. ಮೋಡ, ಗಾಳಿ ಎರಡೂ ಇಲ್ಲದ ರಾತ್ರಿ ಇಬ್ಬನಿ ಜಾಸ್ತಿ ಬೀಳುತ್ತದೆ. ಮೈ ತಣ್ಣಗಿರುವಾಗ ಕೀಟಗಳಿಗೆ ಹಾರಲು ಆಗುವುದಿಲ್ಲ. ಮ್ಯಾಕ್ರೋ ಲೆನ್ಸ್ ಹತ್ತಿರ ತಂದರೂ ಸುಮ್ನೆ ಕೂತಿರುತ್ತವೆ. ಟ್ರೈಪಾಡ್ ಬೇಕೇ ಬೇಕು.

ನಂದಿ ಬೆಟ್ಟದ ತಪ್ಪಲಲ್ಲಿ, ರಾಗಿ ಕೂಳೆಯ ಮೇಲೆ ಕೂತಿದ್ದ ಏರೋಪ್ಲೇನ್ ಚಿಟ್ಟೆಯೊಂದನ್ನು ನೋಡಿದ್ದೆ. ಕಣ್ಣಿನ ತುಂಬ ಸಾಸಿವೆಗಿಂತ ಸಣ್ಣ ಹನಿಗಳು. ರೆಕ್ಕೆಯ ತುದಿಯ ದೊಡ್ಡ ಹನಿಯೊಳಗೆ ಬೆಟ್ಟ ತಲೆಕೆಳಗಾಗಿ ನಿಂತಿತ್ತು! ಬಿಸಿಲು ತಾಗಿದ ಮೇಲೆ ರೆಕ್ಕೆ ನಡುಗಿಸಿ, ಮೈ ಕಾಯಿಸಿಕೊಂಡು ಹಾರಿತು. ದಯವಿಟ್ಟು ಕೀಟವನ್ನು ಫ್ರಿಜ್ಜಿನಲ್ಲಿಟ್ಟು, ನೀರು ಚಿಮುಕಿಸಿ ಫೋಟೋ ತೆಗೆಯಬೇಡಿ.

ಕಡಿಮೆ ಆಗಿರುವುದು ನಿಜ. ಜರ್ಮನಿಯ ಸಂರಕ್ಷಿತ ಜಾಗಗಳಲ್ಲೇ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಶೇ. 75ಕ್ಕಿಂತ ಜಾಸ್ತಿ ಇಳಿದಿದೆ ಎಂದು 2017ರ ಅಧ್ಯಯನವೊಂದು ತೋರಿಸಿತು. ಚಿಕ್ಕಬಳ್ಳಾಪುರದ ಕಡೆ ಟೊಮ್ಯಾಟೊ, ದ್ರಾಕ್ಷಿಗೆ ಔಷಧಿ ಹೊಡೆಯುತ್ತಾರೆ, ಬದುವಿಗೆ ಕಳೆನಾಶಕ. ಬದುವಿನ ಹುಲ್ಲು ಸುಟ್ಟುಹೋದರೆ ಜೇಡ ಬಲೆ ಕಟ್ಟುವುದಾದರೂ ಎಲ್ಲಿ, ಅಲ್ವಾ? ಕೀಟಗಳೇ ಇಲ್ಲದಿದ್ದರೆ ಅದಕ್ಕೆ ಊಟವೂ ಇಲ್ಲ.