ಯಂತ್ರ ಪ್ರಶ್ನೋತ್ತರ: ಲಾನ್ ಮೋವರಿನ ಥ್ರಸ್ಟ್ ಬೇರಿಂಗ್ ಮತ್ತು ಅದರ ವಾಷರುಗಳು

ಪ್ರಶ್ನೆ: ನಾನು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ನೆಲೆಸಿದ್ದೇನೆ. ಮನೆಯ ಸುತ್ತ ಮುಕ್ಕಾಲು ಎಕರೆಯಷ್ಟು ಹುಲ್ಲಿದ್ದು, ಅದನ್ನು ಕತ್ತರಿಸಲು ಮೇಲೆ ಕುಳಿತು ಓಡಿಸುವ ಹಳೆಯ ಮೋವರ್ ಇಟ್ಟುಕೊಂಡಿದ್ದೇನೆ. ಇತ್ತೀಚೆಗೆ ಸ್ಟೀರಿಂಗ್ ತುಂಬಾ ಬಿಗಿಯಾಗಿ, ತಿರುಗಿಸಿದಾಗಲೆಲ್ಲ ಕಿರುಗುಟ್ಟತೊಡಗಿತು. ಎಡಗಡೆಯ ಮುಂಚಕ್ರದ ಸ್ಪಿಂಡಲನ್ನು (ಚಕ್ರವನ್ನು ಹಿಡಿದು ಸ್ಟೀರಿಂಗಿನೊಂದಿಗೆ ತಿರುಗುವ ಕಂಬಿ) ಕೆಳಕ್ಕೆ ಇಳಿಸಿದಾಗ ಆಕ್ಸಲಿನ (ಮುಂದಿನ ಅಡ್ಡತೊಲೆ) ತಳದಿಂದ ತುಕ್ಕಿನ ಪುಡಿಯ ಜೊತೆ ಮುರಿದ ಬಳೆಯಂಥದೊಂದು ತುಂಡು, ಸೂಜಿಯಷ್ಟು ಸಣ್ಣ ಕಡ್ಡಿಗಳು ಮತ್ತು ಎರಡು ತೆಳು ವಾಷರುಗಳು ಉದುರಿದವು. ಮೇಲುಗಡೆ ಕ್ಲಿಪ್ಪಿನ ಕೆಳಗೆ ಇನ್ನೊಂದು ದಪ್ಪ ವಾಷರ್ ಇತ್ತು. ಇವುಗಳಲ್ಲಿ ಯಾವುದು ಎಲ್ಲಿಗೆ ಸೇರುತ್ತದೆ? ಬೇರಿಂಗ್ ಬಿಟ್ಟು, ಅದೇ ಅಳತೆಯ ಸಾಮಾನ್ಯ ವಾಷರುಗಳನ್ನು ಎರಡು ಮೂರು ಹಾಕಿದರೆ ಸಾಲದೇ?

ಉತ್ತರ: ನಿಮ್ಮ ಕೈಗೆ ಉದುರಿರುವುದು ಸೂಜಿ ರೋಲರಿನ ಥ್ರಸ್ಟ್ ಬೇರಿಂಗ್. ಚಕ್ರದೊಳಗೆ ಕೂರುವ ಸಾಮಾನ್ಯ ಬೇರಿಂಗ್ ಮುಖ್ಯವಾಗಿ ಶಾಫ್ಟಿಗೆ ಅಡ್ಡಲಾಗಿ ಬರುವ ಭಾರವನ್ನು ಹೊರುತ್ತದೆ; ಥ್ರಸ್ಟ್ ಬೇರಿಂಗ್ ಶಾಫ್ಟಿನ ಉದ್ದಕ್ಕೇ, ಅಂದರೆ ತುದಿಯಿಂದ ತುದಿಗೆ ತಳ್ಳುವ ಒತ್ತಡವನ್ನು ಹೊರುತ್ತದೆ. ನಿಮ್ಮ ಯಂತ್ರದಲ್ಲಿ ಸ್ಪಿಂಡಲ್ ಕಂಬದಂತೆ ನೆಟ್ಟಗೆ ನಿಂತು ಆಕ್ಸಲಿನ ತುದಿಯ ಕೊಳವೆಯೊಳಗಿಂದ ಮೇಲೆ ಬರುತ್ತದೆ. ಯಂತ್ರದ ಮುಂಭಾಗದ ಭಾರವೆಲ್ಲ ಆಕ್ಸಲಿನ ತಳದಿಂದ ಸ್ಪಿಂಡಲಿನ ಹೆಗಲ, ಅಂದರೆ ಅದರ ಬುಡದ ಅಗಲವಾದ ಮೆಟ್ಟಿಲಿನ, ಮೇಲೆ ಇಳಿಯುವುದು ಈ ಬೇರಿಂಗಿನ ಮೂಲಕವೇ. ಬೇರಿಂಗ್ ಹಾಳಾದಾಗ ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುತ್ತದೆ. ನೀವು ಕೇಳಿದ ಕಿರುಗುಟ್ಟುವಿಕೆ ಅದರದೇ.

ಯಾವ ವಾಷರ್ ಎಲ್ಲಿಗೆ ಎಂಬುದನ್ನು ಬಾಯಿಪಾಠ ಮಾಡುವುದಕ್ಕಿಂತ ಭಾರ ಯಾವ ದಾರಿಯಲ್ಲಿ ಇಳಿಯುತ್ತದೆಂದು ನೋಡುವುದು ಒಳ್ಳೆಯದು, ಏಕೆಂದರೆ ಆಗ ಚಿತ್ರಪಟ ಕೈಯಲ್ಲಿ ಇಲ್ಲದಿದ್ದರೂ ಜೋಡಣೆ ತಪ್ಪುವುದಿಲ್ಲ. ಆಕ್ಸಲಿನ ತಳಕ್ಕೆ ತಾಗಿ ಒಂದು ತೆಳು ವಾಷರ್, ಅದರ ಕೆಳಗೆ ರೋಲರುಗಳಿರುವ ಬಳೆ, ಅದರ ಕೆಳಗೆ ಎರಡನೆಯ ತೆಳು ವಾಷರ್, ಅದು ಕೂರುವುದು ಸ್ಪಿಂಡಲಿನ ಹೆಗಲ ಮೇಲೆ. ಮೇಲಿನ ದಪ್ಪ ವಾಷರಿನ ಕೆಲಸ ಬೇರೆ. ಚಕ್ರ ನೆಲ ಬಿಟ್ಟು ಮೇಲೆದ್ದಾಗ ಸ್ಪಿಂಡಲ್ ಮತ್ತು ಚಕ್ರ ತಮ್ಮ ತೂಕದಿಂದ ಕ್ಲಿಪ್ಪಿಗೆ ಜೋತುಬೀಳುತ್ತವೆ. ಆಗ ಕ್ಲಿಪ್ ಕೊಳವೆಯ ಅಂಚಿಗೆ ಉಜ್ಜದಂತೆ ತಡೆಯುವುದಷ್ಟೇ ಅದರ ಹೊಣೆ. ಆದ್ದರಿಂದ ಮೇಲುಗಡೆ ಸಾಮಾನ್ಯ ವಾಷರ್ ಇದ್ದರೆ ಏನೂ ಕೆಡುವುದಿಲ್ಲ.

ಕೆಳಗಡೆಗೆ ಅದು ಸಲ್ಲದು. ಅಲ್ಲಿನ ತೆಳು ವಾಷರುಗಳನ್ನು ಜಾಗ ತುಂಬಲು ಹಾಕಿದ ಬಿಲ್ಲೆಗಳೆಂದು ಅನೇಕರು ಎಣಿಸುತ್ತಾರೆ. ವಾಸ್ತವದಲ್ಲಿ ಅವು ಬೇರಿಂಗಿನ ಅರ್ಧ ಭಾಗ, ರೋಲರುಗಳು ಉರುಳುವ ನೆಲ. ಅವನ್ನು ಶಾಖ ಕೊಟ್ಟು ಗಡುಸುಗೊಳಿಸಿ, ಮೈಯನ್ನು ನುಣುಪಾಗಿ ಸಿದ್ಧಪಡಿಸಿರುತ್ತಾರೆ. ಹಾರ್ಡ್‌ವೇರ್ ಅಂಗಡಿಯ ವಾಷರ್ ಮೆದು ಉಕ್ಕಿನ ತಗಡಿನಿಂದ ಪಂಚ್ ಮಾಡಿ ತೆಗೆದದ್ದು. ಅಂಥದ್ದೊಂದನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಉಗುರು ಎಳೆದು ನೋಡಿ: ಒಂದು ಬದಿ ದುಂಡಗಿದ್ದರೆ ಇನ್ನೊಂದು ಬದಿಯಲ್ಲಿ ಚೂಪಾದ ಬರ್ (ಅಂಚಿನಲ್ಲಿ ಎದ್ದು ನಿಂತ ಲೋಹದ ಏಣು) ಉಗುರಿಗೆ ತಗಲುತ್ತದೆ. ಗಾಜಿನ ಮೇಲಿಟ್ಟು ಒತ್ತಿದರೆ ಅನೇಕ ವೇಳೆ ಅಲುಗಾಡುತ್ತದೆ, ಏಕೆಂದರೆ ಅದು ಸಮತಟ್ಟಾಗಿರುವುದಿಲ್ಲ. ಸೂಜಿ ರೋಲರ್ ತಗಲುವುದು ಕೂದಲೆಳೆಯಷ್ಟು ಕಿರಿದಾದ ಗೆರೆಯಲ್ಲಿ. ಮೆದು ವಾಷರಿನ ಮೇಲೆ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ತಗ್ಗುಗಳು ಮೂಡುತ್ತವೆ, ಆಮೇಲೆ ರೋಲರ್ ಉರುಳುವುದಿಲ್ಲ, ಆ ತಗ್ಗಿನಲ್ಲೇ ಕುಳಿತು ಉಜ್ಜುತ್ತದೆ. ಬೇರಿಂಗೇ ಇಲ್ಲದೆ ಎರಡು ಮೂರು ವಾಷರ್ ಹಾಕಿದರೆ ಯಂತ್ರ ನಡೆಯುತ್ತದೆ ಎಂಬುದು ನಿಜ, ಅಗ್ಗದ ಕೆಲವು ಮಾದರಿಗಳನ್ನು ಕಾರ್ಖಾನೆಯಲ್ಲೇ ಹಾಗೆ ಜೋಡಿಸುತ್ತಾರೆ. ಆದರೆ ಬೇರಿಂಗಿಗೆಂದು ರೂಪಿಸಿದ ಜಾಗದಲ್ಲಿ ಅದನ್ನು ತೆಗೆದುಹಾಕಿ ಸ್ಟೀರಿಂಗ್ ಗೇರಿನ ಹಲ್ಲುಗಳ ಮೇಲೆ ಹೊರೆ ಹೆಚ್ಚಿಸುವುದು ಜಾಣತನವಲ್ಲ, ಆ ಗೇರ್ ಈ ಬೇರಿಂಗಿಗಿಂತ ಬಹಳ ದುಬಾರಿ.

ಹೊಸದನ್ನು ತರುವ ಮೊದಲು ವರ್ನಿಯರ್ ಕ್ಯಾಲಿಪರಿನಿಂದ ಸ್ಪಿಂಡಲನ್ನು ಅಳೆಯಿರಿ. ಮುಕ್ಕಾಲು ಅಂಗುಲ, ಅಂದರೆ 19.05 ಮಿ.ಮೀ. ಬಂದರೆ ಅಂಗುಲ ಸರಣಿಯ ಎನ್‌ಟಿಎ 1220 ಬಳೆ ಮತ್ತು ಟಿಆರ್‌ಎ 1220 ವಾಷರುಗಳನ್ನು ಕೇಳಬಹುದು. ಈ ಸಂಖ್ಯೆಯನ್ನು ಓದುವುದು ಸುಲಭ: ಮೊದಲ 12 ಎಂದರೆ ಒಳರಂಧ್ರ ಅಂಗುಲದ ಹದಿನಾರನೆಯ 12 ಭಾಗ, ಮುಂದಿನ 20 ಎಂದರೆ ಹೊರವ್ಯಾಸ ಹದಿನಾರನೆಯ 20 ಭಾಗ, ಅಂದರೆ ಒಂದೂಕಾಲು ಅಂಗುಲ. ಬಳೆಯ ದಪ್ಪ ಸುಮಾರು 2 ಮಿ.ಮೀ., ಪ್ರತಿ ವಾಷರಿನದು ಸುಮಾರು 0.8 ಮಿ.ಮೀ., ಒಟ್ಟು 3.6 ಮಿ.ಮೀ. ಇಷ್ಟು ತೆಳುವಾದ ವಾಷರಿಗೆ ಸ್ವಂತ ಬಲವಿಲ್ಲ; ಅದರ ಬೆನ್ನಿಗೆ ಸಮತಟ್ಟಾದ ಆಸರೆ ಬೇಕು. ಆಕ್ಸಲಿನ ತಳದಲ್ಲಿ ವೆಲ್ಡಿಂಗಿನ ಗಂಟು, ತುಕ್ಕಿನ ಹಕ್ಕಳೆ ಅಥವಾ ಹಳೆಯ ಬೇರಿಂಗ್ ಕೊರೆದ ಗಾಡಿ (ತೋಡು) ಇದ್ದರೆ ಮೊದಲು ಅರದಿಂದ ಅದನ್ನು ಮಟ್ಟ ಮಾಡಿ. ಬದಲಿಗೆ 1.6 ಮಿ.ಮೀ. ದಪ್ಪದ ಟಿಆರ್‌ಬಿ ವಾಷರ್ ಹಾಕುವುದೂ ಉಂಟು, ಆದರೆ ಆಗ ಒಟ್ಟು ಎತ್ತರ ಹೆಚ್ಚಿ ಮೇಲಿನ ಕ್ಲಿಪ್ ತನ್ನ ಗಾಡಿಗೆ ಸಿಗದೆ ಹೋಗಬಹುದು. ಸುತ್ತಿಗೆಯಿಂದ ಬಡಿದು ಕ್ಲಿಪ್ ಕೂರಿಸಬೇಕಾಗಿ ಬಂದರೆ ಜೋಡಣೆಯಲ್ಲಿ ಎಲ್ಲೋ ಒಂದು ವಾಷರ್ ಹೆಚ್ಚಿದೆ ಎಂದೇ ತಿಳಿಯಿರಿ.

ಬೇರಿಂಗ್ ಏಕೆ ಸತ್ತಿತು ಎಂಬುದನ್ನೂ ಹೇಳಬೇಕು. ಯಂತ್ರ ಮತ್ತು ಸವಾರ ಸೇರಿ 300 ಕಿಲೋ, ಅದರ ಮೂರನೆಯ ಒಂದು ಭಾಗ ಮುಂದಿನ ಎರಡು ಚಕ್ರಗಳ ಮೇಲೆ ಎಂದಿಟ್ಟುಕೊಂಡರೂ ಒಂದು ಸ್ಪಿಂಡಲಿಗೆ ಬರುವುದು 50 ಕಿಲೋ. ಈ ಗಾತ್ರದ ಸೂಜಿ ಬೇರಿಂಗಿನ ತಾಳಿಕೆಯನ್ನು ಲೆಕ್ಕ ಹಾಕುವುದು ಟನ್ನುಗಳಲ್ಲಿ, ಆದ್ದರಿಂದ ಭಾರ ಇದಕ್ಕೆ ಕಾರಣವಲ್ಲ. ನೀರು, ಮಣ್ಣು ಮತ್ತು ಗ್ರೀಸಿನ ಅಭಾವವೇ ಕಾರಣ. ಸ್ಟೀರಿಂಗಿನಲ್ಲಿ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ, ಅತ್ತಿತ್ತ ಸ್ವಲ್ಪವೇ ಓಲಾಡುತ್ತದೆ; ರೋಲರುಗಳು ತಮ್ಮಡಿಯ ಗ್ರೀಸನ್ನು ಬದಿಗೆ ತಳ್ಳಿಬಿಡುತ್ತವೆ, ತಳ್ಳಿದ್ದು ಹಿಂದಕ್ಕೆ ಬರುವುದಿಲ್ಲ. ಜೊತೆಗೆ ರೋಲರಿನ ಹೊರತುದಿ ಒಳತುದಿಗಿಂತ ದೊಡ್ಡ ವೃತ್ತದಲ್ಲಿ ಸಾಗಬೇಕಾದ್ದರಿಂದ ಅದು ಉರುಳುವುದರ ಜೊತೆ ಸ್ವಲ್ಪ ಜಾರುತ್ತಲೂ ಇರುತ್ತದೆ. ಎನ್‌ಎಲ್‌ಜಿಐ (ಗ್ರೀಸಿನ ಗಟ್ಟಿತನದ ಅಳತೆ) 2 ದರ್ಜೆಯ ಲಿಥಿಯಂ ಗ್ರೀಸ್ ಸಾಕು, ಆದರೆ ತುಂಬುವ ರೀತಿ ಮುಖ್ಯ. ಚಕ್ರ ನೆಲದ ಮೇಲಿರುವಾಗ ನಿಪ್ಪಲಿಗೆ (ಗ್ರೀಸ್ ತುಂಬುವ ಬಾಯಿ) ಗ್ರೀಸ್ ಗನ್ ಹಿಡಿದು ಒತ್ತಿದರೆ ಗ್ರೀಸ್ ಕೊಳವೆಯ ಒಳಪದರವಾದ ಬುಷ್‌ಗಳಿಗೆ ಹೋಗುತ್ತದೆಯೇ ಹೊರತು ಭಾರದಿಂದ ಬಿಗಿದುಕೊಂಡ ಥ್ರಸ್ಟ್ ಮುಖಗಳ ನಡುವೆ ನುಗ್ಗುವುದಿಲ್ಲ. ಆಕ್ಸಲನ್ನು ಜಾಕಿಯಿಂದ ಎತ್ತಿ, ಸ್ಪಿಂಡಲ್ ಜೋತುಬಿದ್ದಾಗ ಗ್ರೀಸ್ ಒತ್ತಿ, ಸ್ಟೀರಿಂಗನ್ನು ಎರಡೂ ಬದಿಗೆ ತಿರುಗಿಸಿ ಮತ್ತೆ ಒತ್ತಿ. ಹುಲ್ಲಿನ ಕೊಳೆ ತೊಳೆಯುವಾಗ ಒತ್ತಡದ ನೀರಿನ ಧಾರೆಯನ್ನು ಈ ಸಂದಿಗೆ ಹಿಡಿಯಬೇಡಿ. ಎತ್ತುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟಿ, ಆಕ್ಸಲಿನಡಿ ಸ್ಟ್ಯಾಂಡ್ ಇಡಿ, ಜಾಕಿಯೊಂದನ್ನೇ ನಂಬಬೇಡಿ. ಎಡಗಡೆಯದು ಹೀಗಾಗಿರುವಾಗ ಬಲಗಡೆಯದನ್ನೂ ಬಿಚ್ಚಿ ನೋಡುವುದು ಒಳ್ಳೆಯದು.

ಪ್ರಶ್ನೆ: ಮಡಿಕೇರಿ ಬಳಿಯ ರೆಸಾರ್ಟೊಂದರಲ್ಲಿ ಇಂಥದೇ ಆಮದಾದ ಮೋವರನ್ನು ನಾನು ನೋಡಿಕೊಳ್ಳುತ್ತೇನೆ. ಮುಂಚಕ್ರದ ಮುಕ್ಕಾಲು ಅಂಗುಲದ ಸ್ಪಿಂಡಲಿಗೆ ಬೆಂಗಳೂರಿನ ಅಂಗಡಿಯವರು 51104 ಸಂಖ್ಯೆಯ ಬಾಲ್ ಥ್ರಸ್ಟ್ ಬೇರಿಂಗ್ ಕೊಟ್ಟಿದ್ದಾರೆ. ಹಾಕಬಹುದೇ?

ಉತ್ತರ: ಬೇಡ. 51104ರ ಒಳರಂಧ್ರ 20 ಮಿ.ಮೀ., ನಿಮ್ಮ ಶಾಫ್ಟ್ 19.05 ಮಿ.ಮೀ.; ಸುಮಾರು ಒಂದು ಮಿಲಿಮೀಟರಿನ ಸಡಿಲದಲ್ಲಿ ಬೇರಿಂಗ್ ನಡುವಿನಿಂದ ಸರಿದು ಕೂರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಅದರ ಎತ್ತರ, 10 ಮಿ.ಮೀ. ಮೇಲೆ ಹೇಳಿದ 3.6 ಮಿ.ಮೀ. ಜಾಗಕ್ಕೆ ಅದು ಹೇಗೂ ಹಿಡಿಯದು. ಅಂಗುಲ ಸರಣಿಯದು ಸಿಗುವವರೆಗೆ ಲೇತ್ ಕೆಲಸದವರಿಂದ ಫಾಸ್ಫರ್ ಬ್ರಾಂಜ್ ಅಥವಾ ಗನ್‌ಮೆಟಲಿನ ಒಂದೇ ದಪ್ಪ ವಾಷರನ್ನು ಅದೇ ಎತ್ತರಕ್ಕೆ ತಿರುವಿಸಿ, ಎರಡೂ ಮುಖಗಳಲ್ಲಿ ಗ್ರೀಸ್ ನಿಲ್ಲಲು ಸಣ್ಣ ಗಾಡಿ ಹಾಕಿಸಿ. ಇಷ್ಟು ನಿಧಾನವಾಗಿ ತಿರುಗುವ ಜಾಗದಲ್ಲಿ ಅದು ಚೆನ್ನಾಗಿಯೇ ಬಾಳುತ್ತದೆ. ಕೊಡಗಿನ ಮಳೆಗೆ ಉಕ್ಕಿನ ಸೂಜಿಗಳಿಗಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮುಂದೆ ಎಲ್ಲಾದರೂ ಬಾಲ್ ಥ್ರಸ್ಟ್ ಬೇರಿಂಗ್ ಹಾಕುವ ಸಂದರ್ಭ ಬಂದರೆ ಇದನ್ನು ಗಮನಿಸಿ: ಅದರ ಎರಡು ಬಿಲ್ಲೆಗಳ ರಂಧ್ರ ಒಂದೇ ಅಳತೆಯದಲ್ಲ. ಕಿರಿದಾದದ್ದು ಶಾಫ್ಟಿನ ಜೊತೆ ತಿರುಗುವ ಹೆಗಲಿಗೆ ತಾಗಬೇಕು, ಹಿರಿದಾದದ್ದು ತಿರುಗದ ಭಾಗಕ್ಕೆ ತಾಗಿ ಶಾಫ್ಟನ್ನು ಮುಟ್ಟದೆ ಇರಬೇಕು.

ಪ್ರಶ್ನೆ: ಬ್ಲೇಡಿನ ಸ್ಪಿಂಡಲಿನ ಬೇರಿಂಗುಗಳು ಪ್ರತಿ ಹಂಗಾಮಿನಲ್ಲೂ ಹೋಗುತ್ತಿವೆ. ಅಲ್ಲಿಗೂ ಥ್ರಸ್ಟ್ ವಾಷರ್ ಸೇರಿಸಬೇಕೇ?

ಉತ್ತರ: ಬೇಕಿಲ್ಲ. ಅಲ್ಲಿ ಸಾಮಾನ್ಯವಾಗಿ ಇರುವುದು ಆಳ ಗಾಡಿಯ ಎರಡು ಬಾಲ್ ಬೇರಿಂಗುಗಳು. ಬ್ಲೇಡಿನಿಂದ ಬರುವ ಅಲ್ಪಸ್ವಲ್ಪ ಉದ್ದೊತ್ತಡವನ್ನು ಅವೇ ತಾಳುತ್ತವೆ. ಎರಡರ ನಡುವೆ ಇರಬೇಕಾದ ಸ್ಪೇಸರ್ ಕೊಳವೆ ಇದೆಯೇ, ಅದು ಸವೆದು ಗಿಡ್ಡವಾಗಿದೆಯೇ ನೋಡಿ. ಅದಿಲ್ಲದೆ ನಟ್ಟು ಬಿಗಿದರೆ ಎರಡು ಬೇರಿಂಗುಗಳ ಒಳಬಳೆಗಳು ಒಂದರತ್ತ ಒಂದು ಎಳೆದುಕೊಂಡು ಗುಂಡುಗಳನ್ನು ಗಾಡಿಯ ಅಂಚಿಗೆ ಒತ್ತುತ್ತವೆ, ಬ್ಲೇಡ್ ತಿರುಗುವ ಮೊದಲೇ ಬೇರಿಂಗ್ ಅರ್ಧ ಕೆಟ್ಟಿರುತ್ತದೆ. ನಟ್ಟಿನಡಿ ಅಗಲವಾದ ವಾಷರ್ ಸೇರಿಸಿದ್ದರೆ ಅದನ್ನೂ ತೆಗೆಯಿರಿ. ಅದು ಒಳಬಳೆಯನ್ನು ದಾಟಿ ಸೀಲಿಗೆ ಅಥವಾ ಹೊರಬಳೆಗೆ ತಾಗುತ್ತಿರಬಹುದು.